ಮಾವಶಿಯ ಸೀರೆ ಮತ್ತು ನಮ್ಮ ಇಂಟರ್ನೆಟ್ಟು

ಕೆಟ್ಟ ಸಾಮಾನು ಕಂಡರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ನಿಂತ ಗಡಿಯಾರವಿರಲಿ, ಕೆಮ್ಮುವ ಪಂಪು ಇರಲಿ, ಯಾಕೆ ಹೀಗೆ ಅಂತ ತಿಳಿಯುವ ತನಕ ಊಟ ರುಚಿಸುವುದಿಲ್ಲ. ರಿಪೇರಿ ಆಗದಿದ್ದರೂ ನಡೆದೀತು, ಕಾರಣ ಮಾತ್ರ ಗೊತ್ತಾಗಬೇಕು. ಅಂಥ ನನ್ನ ಮನೆಯಲ್ಲೇ ಇಂಟರ್ನೆಟ್ಟು ಕಾರಣ ಹೇಳದೆ ಹೋಗುವುದು ಬರುವುದು ಮಾಡತೊಡಗಿದ್ದು ಕಳೆದ ದೀಪಾವಳಿಯ ನಂತರ.

ಬೈಲಹೊಂಗಲದ ಹಳೆ ಪೇಟೆಯಲ್ಲಿ ನಮ್ಮದು ಮಣ್ಣಿನ ಗೋಡೆಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಮೊಬೈಲ್ ಸಿಗ್ನಲ್ಲು ಹೊರಗಿನ ಕಟ್ಟೆಯ ಮೇಲೇ ನಿಂತುಬಿಡುತ್ತದೆ. ಹಾಗಾಗಿ ವಾಯರಿನ ಇಂಟರ್ನೆಟ್ಟು ಹಾಕಿಸಿದೆವು. ಸಂಪಗಾಂವದಿಂದ ಬಂದ ಲೈನ್‌ಮನ್ ಮೊಳೆ ಹೊಡೆದರೆ ಗೋಡೆಯ ಮಣ್ಣೇ ಉದುರಿತು. ಕೊನೆಗೆ ನಡುಮನೆಯಲ್ಲಿ ಜಂತಿಯಿಂದ ಹಗ್ಗದಲ್ಲಿ ಇಳಿಬಿಟ್ಟಿರುವ ಬಿದಿರಿನ ಗಳ ಅವನ ಕಣ್ಣಿಗೆ ಬಿತ್ತು. ಅವ್ವ ತನ್ನ ಮಡಿಸೀರೆ ಒಣಹಾಕುವ ಗಳ ಅದು. ಯಾರ ಕೈಯೂ ತಾಗಬಾರದೆಂದೇ ಅಷ್ಟು ಮೇಲಿದೆ. ಅವ್ವ ಕೂಡ ಕೋಲಿನಿಂದಲೇ ಸೀರೆ ಏರಿಸುತ್ತಾಳೆ, ಇಳಿಸುತ್ತಾಳೆ. ಅದಕ್ಕೆ ವಾಯರು ಕಟ್ಟಬಹುದೇ ಅಂತ ಕೇಳಲು ನಾನು ಹಿಂದೆಮುಂದೆ ನೋಡಿದೆ.

"ಅದರೊಳಗ ಏನು ಹರೀತದ?" ಅಂತ ಅವ್ವ ಕೇಳಿದಳು.

"ಬೆಳಕ್ರಿ ಅಮ್ಮಾರ, ಬರೇ ಬೆಳಕು," ಅಂದ ಲೈನ್‌ಮನ್.

"ಬೆಳಕಿಗೆ ಎಲ್ಲೀ ಮೈಲಿಗಿ? ಕಟ್ಟು," ಅಂದಳು.

ಅಜ್ಜ ಪಂಚಾಂಗ ಹಿಡಿದು ಕೂರುತ್ತಿದ್ದ ಜಾಗದಲ್ಲಿ ಕೂತು ನಾನೀಗ ವಿಮಾ ಕಂಪನಿಯೊಂದರ ಕಾಗದಪತ್ರ ತಿದ್ದುತ್ತೇನೆ. ಆದರೆ ಇಂಟರ್ನೆಟ್ಟು ನನಗಿಂತ ಹೆಚ್ಚು ಬೇಕಾದದ್ದು ಅವ್ವನಿಗೆ. ರಾಮದುರ್ಗದಲ್ಲಿ ಅವಳ ಅಕ್ಕ, ಅಂದರೆ ನನ್ನ ಮಾವಶಿ ಇದ್ದಾಳೆ. ಅಜ್ಜಿ ತೀರಿಕೊಂಡಾಗ ನೀರು ಕಾಯಿಸುವ ತಾಮ್ರದ ಹಂಡೆ ಯಾರ ಮನೆಗೆ ಅನ್ನುವಲ್ಲಿ ಶುರುವಾದ ಜಗಳ ಬೆಳೆದು, ಅಕ್ಕತಂಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ದೀಪಾವಳಿಗೆ ಮಾವಶಿ ತಾನಾಗಿಯೇ ಒಂದು ಕೈಮಗ್ಗದ ಸೀರೆ ಕಳಿಸಿದಳು. ಹದಿನೆಂಟು ಮೊಳದ್ದು, ಹಸಿರು ದಡಿ, ದಪ್ಪ ನೂಲು. ಅವ್ವ ಅದನ್ನು ಮಡಿಗೆಂದು ಇಟ್ಟುಕೊಂಡಳು. ಸವೆದು ಮೆತ್ತಗಾದ ತನ್ನ ಹಳೆ ಸೀರೆ ಒಂದು ದಿನ, ಅಕ್ಕನದು ಒಂದು ದಿನ.

ಅಂದಿನಿಂದ ದಿನಾ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಇಬ್ಬರದೂ ವಿಡಿಯೋ ಕಾಲ್. ಮಡಿಯಲ್ಲಿ ಅವ್ವ ಫೋನು ಮುಟ್ಟುವುದಿಲ್ಲ. ನಾನು ಫೋನು ಹಚ್ಚಿ ಗೋಡೆಯ ಗೂಡಿನಲ್ಲಿಟ್ಟು ದೂರ ಸರಿಯುತ್ತೇನೆ, ಅವಳು ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಾಳೆ. ಕೆಲವು ದಿನ ಮಾತು ಮುಗಿಯುವುದೇ ಇಲ್ಲ. ಇನ್ನು ಕೆಲವು ದಿನ ಮಾವಶಿ "ಏನ್ ಮಾಡ್ಲಿಕತ್ತೀ" ಅನ್ನುವಷ್ಟರಲ್ಲಿ ತೆರೆದ ಬಾಯಿ ತೆರೆದಂತೆಯೇ ನಿಂತು, ಕಾಲ್ ಕಟ್. ಮೂಲೆಯಲ್ಲಿರುವ ಇಂಟರ್ನೆಟ್ಟಿನ ಡಬ್ಬಿಯಲ್ಲಿ ದೀಪ ಕೆಂಪು, ಹಸಿರು, ಮತ್ತೆ ಕೆಂಪು. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು.

ನನಗೆ ಹಬ್ಬ. ಡಬ್ಬಿಯನ್ನು ಬಂದ್ ಮಾಡಿ ಚಾಲೂ ಮಾಡಿದೆ, ಪ್ಲಗ್ಗು ಬದಲಿಸಿದೆ, ಮಾಳಿಗೆ ಹತ್ತಿ ಮಂಗಗಳನ್ನು ಓಡಿಸಿದೆ. ಓಣಿಯ ಕಂಬದಿಂದ ನಮ್ಮ ಬೆಳಕಿಂಡಿಯ ತನಕ ವಾಯರು ನೋಡುತ್ತ ಮೇಲೆ ಮಾರಿ ಮಾಡಿ ನಡೆದು ಒಂದು ಎಮ್ಮೆಗೆ ಡಿಕ್ಕಿ ಹೊಡೆದೆ. ಲೈನ್‌ಮನ್ ಹಳ್ಳಿಗಳ ಕೆಲಸ ಮುಗಿಸಿ ಬರುವುದು ಯಾವಾಗಲೂ ಮಧ್ಯಾಹ್ನದ ಮೇಲೆ. ಆಗ ದೀಪ ಹಸಿರೇ ಇರುತ್ತಿತ್ತು.

"ಈಗ ಎಲ್ಲಾ ಬರೋಬ್ಬರಿ ಐತ್ರಿ. ವಾಯರ್ ಎಲ್ಲ್ಯರ ಒತ್ತು ಬಿದ್ರ ಬೆಳಕು ಸೋರತೈತಿ. ಕೆಟ್ಟಾಗ ಕರೀರಿ," ಅನ್ನುತ್ತಿದ್ದ. ಕೆಟ್ಟಾಗ ಅವನು ಯಾವುದೋ ಹಳ್ಳಿಯ ಕಂಬದ ಮೇಲಿರುತ್ತಿದ್ದ.

ಅವ್ವ ಮಾತ್ರ ಬೇರೆಯೇ ಕಾರಣ ಹುಡುಕಿದ್ದಳು. ಒಂದು ದಿನ ಕಾಲ್ ಕಟ್ಟಾದಾಗ ಮಣೆ ಬಿಟ್ಟು ಎದ್ದು ಹೇಳಿದಳು:

"ಇದು ನಿನ್ನ ಡಬ್ಬಿ ಕೆಲಸ ಅಲ್ಲ. ಅಕ್ಕಾನ ಕಟ್ ಮಾಡ್ತಾಳ. ನಾ ಆಕಿ ಕೊಟ್ಟ ಸೀರಿ ಉಟ್ಟ ದಿನ ಛೊಲೊ ಮಾತಾಡ್ತಾಳ. ಉಡದ ದಿನ ನೋಡಿದಕೂಡ್ಲೆ ಕಟ್ ಮಾಡ್ತಾಳ."

ನಕ್ಕುಬಿಟ್ಟೆ. ಕೆಂಪು ದೀಪ ತೋರಿಸಿದೆ.

"ಮಾವಶಿ ಪರ ಮಾತಾಡಬ್ಯಾಡ. ಸೀರಿ ಕೊಟ್ಟು, ಉಟ್ಟಾಳೋ ಇಲ್ಲೋ ಅಂತ ಪಹರೆ ಕಾಯ್ತಾಳಲ್ಲ! ನಾಳೆ ಕಡೀ ಸಲ ಉಡ್ತೇನಿ. ನಾಡದ ಒಗದು ಒಣಗಿಸಿ ರಾಮದುರ್ಗದ ಬಸ್ಸಿಗೆ ಕಳಿಸಿಬಿಡ್ತೇನಿ."

ನನ್ನ ನಗು ಇಂಗಿಹೋಯಿತು. ಒಂದು ಹಂಡೆ ಅಷ್ಟು ವರ್ಷ ಮಾತು ಬಿಡಿಸಿತ್ತು. ರಾಜಿಗೆಂದು ಬಂದ ಸೀರೆ ವಾಪಸ್ ಹೋದರೆ ಈ ಇಬ್ಬರು ಮುದುಕಿಯರು ಮತ್ತೆ ಮಾತಾಡುವುದು ಸುಳ್ಳು. ನಿಜ ಹೇಳಬೇಕೆಂದರೆ ನನಗೆ ಭಯವಾಯಿತು.

ಭಯದ ಜೊತೆಗೇ ಆ ಹಳೆ ಕೆರೆತವೂ ಶುರುವಾಯಿತು. ಅವ್ವ ಹೇಳಿದ ಕಾರಣ ತಪ್ಪಿರಬಹುದು, ಕಂಡದ್ದೂ ತಪ್ಪೇ? ಮರುದಿನ ಅವಳು ಮಾವಶಿಯ ಸೀರೆ ಉಟ್ಟಳು. ಬೆಳಗಿನಿಂದ ದೀಪ ಹಸಿರು, ಮಾವಶಿಯ ದನಿ ಗಂಟೆ ಬಾರಿಸಿದಂತೆ ಸ್ವಚ್ಛ. ಅವ್ವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಗೆದ್ದ ಖುಷಿ ಮಾತ್ರ ಆ ಮಾರಿಯ ಮೇಲೆ ಇರಲಿಲ್ಲ.

ಸೀರೆಯ ಸುದ್ದಿ ಡಬ್ಬಿಗೆ ಹೇಗೆ ಗೊತ್ತಾಗುತ್ತದೆ? ದಿನವಿಡೀ ಅದನ್ನೇ ತಲೆಯಲ್ಲಿ ತಿರುವಿದೆ. ಸಂಜೆ ಚಹಾ ಕುಡಿಯುವಾಗ ಹೊಳೆಯಿತು. ನಾವಿಬ್ಬರೂ ಉಟ್ಟ ಸೀರೆಯನ್ನೇ ನೋಡುತ್ತಿದ್ದೆವು. ಉಡದ ಸೀರೆ ಆಗ ಎಲ್ಲಿರುತ್ತದೆ? ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದೇ ಮೇಲೆ ನೋಡಿದೆ.

ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮುಗಿಸಿ ಹಳೆ ಸೀರೆ ಉಟ್ಟು, ಒಗೆದ ಮಾವಶಿಯ ಸೀರೆಯನ್ನು ತಂದು ಕೋಲಿನಿಂದ ಗಳಕ್ಕೆ ಏರಿಸಿದಳು. ನೀರು ಕುಡಿದ ದಪ್ಪ ನೂಲು, ಮಧ್ಯಾಹ್ನ ಒಣಗುವ ತನಕ ಕಲ್ಲಿನಷ್ಟು ಭಾರ. ಗಳದ ಒಂದು ತುದಿ ಸರ್ರನೆ ಕೆಳಗಿಳಿಯಿತು. ಆ ತುದಿಯಲ್ಲಿ ಹಗ್ಗದ ಕುಣಿಕೆ ಬಿಗಿದು, ವಾಯರು ಕುಣಿಕೆಗೂ ಬಿದಿರಿಗೂ ನಡುವೆ ಸಿಕ್ಕಿಕೊಂಡಿತು. ಡಬ್ಬಿಯ ಕಡೆ ನೋಡಿದೆ. ಕೆಂಪು.

"ಸಿಕ್ತು! ಅವ್ವಾ, ಸಿಕ್ತು!" ಅಂತ ಕೂಗುತ್ತ ಗಳಕ್ಕೆ ಕೈ ಚಾಚಿದೆ.

"ಮುಟ್ಟಬ್ಯಾಡ! ಮಡೀದು!"

"ಹಂಗಾದ್ರ ನೀನ ಎತ್ತು. ಕೋಲಿನಿಂದ ಗಳಾ ಎತ್ತಿ ದೀಪಾ ನೋಡು."

ಅವ್ವ ಎತ್ತಿದಳು. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. ಇಳಿಸಿದಳು, ಕೆಂಪು. ನಾನು ಹೇಳದಿದ್ದರೂ ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು, ಬಾಯಿ ಅರ್ಧ ತೆರೆದು ದೀಪವನ್ನೇ ನೋಡುತ್ತ. ನನ್ನ ಈ ಚಟ ಎಲ್ಲಿಂದ ಬಂದದ್ದೆಂದು ಅವತ್ತು ತಿಳಿಯಿತು.

ಕಟ್ಟೆಗೆ ಹೋಗಿ ಲೈನ್‌ಮನ್‌ಗೆ ಫೋನು ಮಾಡಿದೆ. ಕಾರಣ ಕೇಳಿ ನಂಬದೆ, ನೋಡಲೆಂದೇ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದ. ಅವ್ವ ಹಸಿ ಸೀರೆಯನ್ನು ಇಳಿಸಿ ತೋಳಿನ ಮೇಲೆ ಹಾಕಿಕೊಂಡು ದೂರ ನಿಂತಳು. ಅವನು ಏಣಿ ಹತ್ತಿ ವಾಯರನ್ನು ಗಳದಿಂದ ಬಿಡಿಸಿ ಜಂತಿಯ ಗುಂಟ ಕಟ್ಟಿದ. ನಾನು ರಾಮದುರ್ಗಕ್ಕೆ ಫೋನು ಹಚ್ಚಿ ಗೂಡಿನಲ್ಲಿಟ್ಟೆ.

ಅವ್ವ ಕೂರಲಿಲ್ಲ. ನಿಂತೇ ಮಾತಾಡಿದಳು. "ಅಕ್ಕಾ, ನಾ ಏನ್ ತಿಳಕೊಂಡಿದ್ದೆ ಗೊತ್ತದೇನು? ನಿನ್ನ ಸೀರಿ ಉಡದ ದಿನ, ಅದನ್ನ ನೋಡಿ ನೀ ಫೋನ್ ಕಟ್ ಮಾಡ್ತೀ ಅಂತ. ಇವತ್ತ ವಾಪಸ್ ಕಳಸಾಕಿ ಇದ್ದೆ."

ಮಾವಶಿ ಅಲುಗಲಿಲ್ಲ. ಮತ್ತೆ ನಿಂತಿತೇ ಅಂತ ಡಬ್ಬಿ ನೋಡಿದೆ. ಹಸಿರೇ ಇತ್ತು.

"ಸೀರಿ ನನಗೆಲ್ಲೀ ಕಾಣಬೇಕು, ತಂಗೀ," ಅಂದಳು ಮಾವಶಿ. "ಎರಡೂ ಕಣ್ಣಿಗೆ ಪೊರಿ ಬಂದದ. ಫೋನಿನ್ಯಾಗ ಬೆಳ್ಳಗ ಏನೋ ಅಲಗಾಡ್ತದ, ಅದ ನೀನು ಅಂತ ತಿಳಕೊಂಡು ಮಾತಾಡ್ತೇನಿ. ಹೇಳಿದ್ರ ನೀ ಹೆದರ್ತೀ ಅಂತ ಹೇಳಿರಲಿಲ್ಲ."

 ಅವ್ವ ಮುಂದೆ ಹೋಗಿ, ಮಡಿಯಲ್ಲಿದ್ದಾಳೆಂಬುದನ್ನು ಮರೆತು, ಗೂಡಿನಿಂದ ಫೋನು ತೆಗೆದು ಕೈಯಲ್ಲಿ ಹಿಡಿದಳು. ಇನ್ನೊಂದು ಕೈಯಿಂದ ಹಸಿ ಸೀರೆಯ ದಡಿಯನ್ನು ಅದರ ಎದುರಿಗೆ ತಂದಳು.

"ಈಗ ಕಾಣ್ತದೇನು?"

"ಇನ್ನಷ್ಟ ಹತ್ರ ತಾ."

ಅವ್ವ ಫೋನಿಗೆ ತಾಗುವಷ್ಟು ಹತ್ತಿರ ತಂದಳು. ನೀರು ಅವಳ ಮೊಣಕೈಯಿಂದ ನೆಲಕ್ಕೆ ಇಳಿಯುತ್ತಿತ್ತು.

"ಹಸರ," ಅಂದಳು ಮಾವಶಿ. "ಹಸರ ಕಾಣಸ್ತು ನೋಡು."