ಬಿಸಿಯೇರದ ಇಂಜಿನ್

ಹೆಬ್ಬಾಳ ಕೆರೆಯ ಮಂಜಿನೊಳಗೆ ನಿಂತು, ಮೆಕ್ಯಾನಿಕ್ ಬಾಷಾ ಸಾಬರು ನಮ್ಮ ಕಾರಿನ ರೇಡಿಯೇಟರ್ ಪೈಪಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಸೆಕೆಂಡ್‌ಹ್ಯಾಂಡ್ ಕಾರು, ಎಷ್ಟು ಓಡಿಸಿದರೂ ಇಂಜಿನ್ ಬಿಸಿಯೇರದೆ ಮುಗ್ಗರಿಸುತ್ತಿತ್ತು. ಗುಜರಿಗೆ ಹಾಕುವುದೆಂದು ನಮ್ಮ ಯಜಮಾನರು ನಿರ್ಧರಿಸಿಬಿಟ್ಟಿದ್ದರು.

“ಇಂಜಿನ್ ಚೆನ್ನಾಗೈತೆ ಅಮ್ಮಾ. ಸ್ಟಾರ್ಟ್ ಮಾಡ್ತಿದ್ದಂಗೇ ಈ ಪೈಪು ಬೆಚ್ಚಗಾಯ್ತು, ಆಗ್ಬಾರ್ದು. ಇಂಜಿನ್ ಕಾಯೋವರ್ಗೂ ನೀರು ರೇಡಿಯೇಟರ್‌ಗೆ ಹೋಗ್ದಂಗೆ ತಡೆಯೋ ಥರ್ಮೋಸ್ಟಾಟೇ ಇಲ್ಲ ಇದ್ರಲ್ಲಿ.”

“ಯಾವ ಪುಣ್ಯಾತ್ಮ ಕಿತ್ತಿದ್ದು?” ಎಂದು ಯಜಮಾನರು ರೇಗಿದರು.

“ನಾನೇ ಸಾರ್, ಹಿಂದಿನ ಓನರ್ ಕಾಲ್ದಲ್ಲಿ. ನಮ್ಮೂರ ಬಿಸ್ಲಿಗೆ ಅದ್ಯಾಕೆ ಅಂತ ಎಲ್ಲಾ ಗಾಡೀಲೂ ಕೀಳ್ತಿದ್ವಿ,” ಎಂದ ಸಾಬರು, ಹೊಸದನ್ನು ತಾವೇ ತಂದು ಹಾಕಿದರು.

ಬೇರೊಬ್ಬರ ಹೆಸರು ಹೇಳಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಕಾರು ನಮ್ಮಲ್ಲೇ ಉಳಿಯಿತು. ಚಳಿಗಾಲದ ಬೆಳಿಗ್ಗೆ ಅದು ಮೆಲ್ಲಗೆ ಬಿಸಿಯೇರುವವರೆಗೆ ನಾವಿಬ್ಬರೂ ಒಳಗೆ ಕುಳಿತಿರುತ್ತಿದ್ದೆವು.