ಸೀಲು ಒಡೆಯದ ಡಬ್ಬಿ

ಅಕ್ಕಲಕೋಟೆಯಲ್ಲಿ ನನಗೆ ಬೂಟಿನ ವ್ಯಾಪಾರ ಕಲಿಸಿದವರು ನಮ್ಮ ಓಣಿಯ ಕಾಕಾ. ಬಸ್ ಸ್ಟ್ಯಾಂಡ್ ರಸ್ತೆಯ ಅವರ ಅಂಗಡಿಯಲ್ಲಿ ಆರು ವರ್ಷ ದುಡಿದು, ಎದುರಿಗೇ ನನ್ನದೊಂದು ತೆರೆದೆ. ಸಿಟ್ಟಾಗಲಿಲ್ಲ ಕಾಕಾ, ಪೇಢೆ ಹಂಚಿದರು.

"ಮಗಳ, ಬಗ್ಗಿಸಿ ನೋಡದ ಯಾವ ಮಾಲೂ ಗಿರಾಕಿ ಮುಂದ ಇಡಬ್ಯಾಡ." ಇದು ಅವರ ಮೊದಲ ಪಾಠ. ಆದರೆ ಅವರು ಕಲಿತದ್ದು ಚರ್ಮದ ಕಾಲದಲ್ಲಿ. ಚರ್ಮ ಎಣ್ಣೆ ಸವರಿದರೆ ಬಾಳುತ್ತದೆ. ಓಟದ ಬೂಟಿನ ಕಂಪನಿಗಳ ಆಟವೇ ಬೇರೆ. ಒಂದು ಕಂಪನಿ ಹಿಮ್ಮಡಿಗೆ ಗಾಳಿ ತುಂಬಿದರೆ ಇನ್ನೊಂದು ಅದಕ್ಕಿಂತ ಹಗುರ ಫೋಮು ತರುತ್ತದೆ. ಒಂದು ಗಾಜಿನ ಶೋರೂಮು ಕಟ್ಟಿದರೆ ಇನ್ನೊಂದು ಅದರೆದುರಿಗೇ ಗಿರಾಕಿಯನ್ನು ಓಡಿಸಿ ನೋಡುವ ಯಂತ್ರ ಇಡುತ್ತದೆ. ಹೋದ ವರ್ಷದ ಮಾಡೆಲ್ಲು ಈ ವರ್ಷ ಹೆಣ.

ಸೊಲ್ಲಾಪುರದ ಅಂಥ ಒಂದು ಶೋರೂಮಿನಲ್ಲಿ ನಾನು ನಿಂತಿದ್ದಾಗ ಬೂಟು ಕೊಂಡಿದ್ದ ಒಬ್ಬ ಗುಮಾಸ್ತರು ಜಗಳ ತೆಗೆದಿದ್ದರು. ವರ್ಷಗಟ್ಟಲೆ ಕಪಾಟಿನಲ್ಲಿ ಜೋಪಾನ ಮಾಡಿದ ಬೂಟು, ಹಾಕಿದ ದಿನವೇ ಅಟ್ಟೆ ಪುಡಿಯಾಗಿತ್ತಂತೆ. ಕೆಲವು ಹಳೆಯ ಫೋಮು ಹಾಗೇ, ಹಾಕಿಕೊಳ್ಳದೆ ಇಟ್ಟರೆ ಡಬ್ಬಿಯಲ್ಲೇ ಸಾಯುತ್ತದೆ. ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ವ್ಯಾಪಾರಕ್ಕೆ ಇಳಿಯುವವರು ಬೇರೆಯವರ ಅಂಗಡಿಯ ಜಗಳವನ್ನು ಅರ್ಧಕ್ಕೆ ಬಿಟ್ಟು ಬರಬಾರದು.

ಆ ಶೋರೂಮಿನ ಕಂಪನಿ ಅಕ್ಕಲಕೋಟೆಗೆ ಒಂದೇ ಡೀಲರ್‌ಶಿಪ್ ಕೊಡುವುದಿತ್ತು. ಒಂದೋ ಕಾಕಾಗೆ, ಇಲ್ಲವೇ ನನಗೆ. ಸಿಗದವರಿಗೆ ಹವಾಯಿ ಚಪ್ಪಲಿಯೇ ಗತಿ. ಅಂಗಡಿ ನೋಡಲು ಕಂಪನಿಯ ಸಾಹೇಬರು ಬರುವ ದಿನ ಬೆಳಗ್ಗೆ ಕಾಕಾ ನನ್ನನ್ನೇ ಕೇಳಿದರು.

"ಏನ ತೋರಿಸ್ಲಿ ಮಗಳ? ಗ್ವಾಡಿಗೆ ಲೈಟ್ ಹಚ್ಚೂದು ನನಗ ಬರಂಗಿಲ್ಲ."

"ಅವರ ಕಂಪನೀದ ಮೊದಲನೇ ಬೂಟು ಅಟ್ಟದ ಮ್ಯಾಲ ಐತಲ್ರಿ? ಸೀಲ್ ಸಾಹೇಬ್ರ ಮುಂದನ ಒಡೀರಿ, ಅವರ ಕಾಲಿಗೇ ಹಾಕ್ರಿ. ಇಷ್ಟು ವರ್ಷ ಜತನ ಮಾಡಿ ಇಟ್ಟೀರಿ ಅಂದ್ರ ಖುಷ್ ಆಗ್ತಾರ."

"ಒಮ್ಮಿ ಬಗ್ಗಿಸಿ ನೋಡ್ಲೇನು?"

"ಸೀಲ್ ಒಡದ ಮ್ಯಾಲ ಮಜಾ ಏನ ಉಳೀತು ಕಾಕಾ?"

ನಕ್ಕು ತಲೆಯಾಡಿಸಿದರು.

ಚಹಾ ಕೊಡುವ ನೆವದಲ್ಲಿ ನಾನೂ ಅಲ್ಲಿದ್ದೆ. ಕಾಕಾ ನೆಲಕ್ಕೆ ಕೂತು, ಸಾಹೇಬರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಲೇಸು ಕಟ್ಟಿದರು. ಸಾಹೇಬರು ಎದ್ದು ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ ಹಿಮ್ಮಡಿ ಕಳಚಿತು. ಆಮೇಲೆ ಇಡೀ ಅಟ್ಟೆ ಶೇಂಗಾ ಚಟ್ನಿಪುಡಿಯ ಹಾಗೆ ಫರಸಿ ನೆಲದ ತುಂಬ ಉದುರಿತು.

"ಕಾಯ್ ಕಾಕಾ, ಏನಿದು, ಅಂಗಡಿಯೋ ಮ್ಯೂಸಿಯಮ್ಮೋ?" ಎಂದರು ಸಾಹೇಬರು.

ಕಾಕಾ ಮೊಣಕಾಲೂರಿ, ಪುಡಿಯನ್ನು ಅಂಗೈಯಿಂದ ಬಳಿದು ಅದೇ ಡಬ್ಬಿಗೆ ತುಂಬತೊಡಗಿದರು.

"ಬರ್ರಿ ಸಾಹೇಬ್ರ," ಎಂದೆ, "ನಮ್ಮ ಅಂಗಡಿ ಎದುರಿಗೇ ಐತಿ."

ನನ್ನ ಅಂಗಡಿಗೆ ಆ ಕಂಪನಿಯ ಬೋರ್ಡು ಏರಿಸಿದ ದಿನ ಕಾಕಾ ಬಂದರು. ಗೋಡೆಯಿಂದ ಒಂದು ಬೂಟು ತೆಗೆದು ಬಗ್ಗಿಸಿ ನೋಡಿದರು.

"ನಿನಗ ಗೊತ್ತಿತ್ತು. ಹೌದಲ್ಲ?"

"ಗೊತ್ತಿತ್ರಿ. ಬಗ್ಗಿಸಿ ನೋಡದ ಇಡಬ್ಯಾಡ ಅಂತ ಕಲಿಸಿದವರು ನೀವ. ಮರತವರೂ ನೀವ."

ಬೂಟನ್ನು ಅದರ ಜಾಗದಲ್ಲೇ ಇಟ್ಟು, ಮೂತಿಯನ್ನು ಗಿರಾಕಿಗಳ ಕಡೆ ಸರಿಯಾಗಿ ತಿರುಗಿಸಿ, ಮೆಟ್ಟಿಲಿಳಿದು ಹೋದರು.

ಅವರ ಅಂಗಡಿ ಈಗ ನನ್ನ ಗೋಡೌನು. ಅಲ್ಲಿ ಯಾವ ಡಬ್ಬಿಯನ್ನೂ ಎರಡು ವರ್ಷದ ಮೇಲೆ ಇಡುವುದಿಲ್ಲ.