ಗುಂಡ್ಲುಪೇಟೆ ಸೈಟಿಗೆ ಹೋದ ಮೆಸೇಜು

ಭೀಮನಬೀಡಿನ ಶಿವರಂಜಿನಿ ಚಾಮರಾಜನಗರದ ಕಂಟ್ರಾಕ್ಟರ್ ರಂಗರಾಜು ಅವರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮೈಸೂರಿನ ಎಂಜಿನಿಯರ್ ಕಳಿಸುವ ನಕ್ಷೆ, ತಿದ್ದುಪಡಿ, ಇದನ್ನು ಮಾಡಿ, ಅದನ್ನು ನಿಲ್ಲಿಸಿ ಎಂಬ ಮಾತು, ಎಲ್ಲವೂ ಮೊದಲು ಅವಳ ಫೋನಿಗೆ ಬರುತ್ತಿದ್ದವು. ಯಾವುದು ಯಾವ ಸೈಟಿಗೆ ಸೇರಬೇಕೋ ಅಲ್ಲಿಗೆ ಮುಟ್ಟಿಸುವುದು ಅವಳ ಕೆಲಸ. ಗಾರೆ ಮುಟ್ಟದ, ಬಿಸಿಲು ಕಾಣದ ಕೆಲಸವೆಂದು ಊರಿನವರಿಗೆ ಹೊಟ್ಟೆಕಿಚ್ಚು. ಅವಳೂ ಅದನ್ನು ಸಲೀಸು ಕೆಲಸವೆಂದೇ ತಿಳಿದಿದ್ದಳು, ಆ ಮಂಗಳವಾರದವರೆಗೆ.

ಆಗ ರಂಗರಾಜು ಎರಡು ಕಡೆ ಕಟ್ಟಡ ಎಬ್ಬಿಸುತ್ತಿದ್ದರು. ಚಾಮರಾಜನಗರದಲ್ಲಿ ಒಂದು ಶಾಲೆ, ಗುಂಡ್ಲುಪೇಟೆಯ ಹೆದ್ದಾರಿ ಪಕ್ಕ ಅಂಗಡಿ ಮಳಿಗೆ. ಶಾಲೆಯ ಚಾವಣಿಯ ಮೋಲ್ಡ್ ಹಾಕಿ ತಿಂಗಳು ಕಳೆದಿತ್ತು. ಮಳಿಗೆಯದು ಹೋದ ವಾರವಷ್ಟೇ ಹಾಕಿದ್ದು, ಇನ್ನೂ ಬಲಿತಿರಲಿಲ್ಲ. ರಸ್ತೆಯ ಕಡೆಗೆ ಚಾಚಿಕೊಂಡಿದ್ದ ಆ ಕಾಂಕ್ರೀಟಿನ ಭಾರವನ್ನೆಲ್ಲ ಕೆಳಗಿನ ಸೆಂಟ್ರಿಂಗು, ಅಂದರೆ ಹಲಗೆಗೆ ಆಸರೆಯಾಗಿ ನಿಲ್ಲಿಸಿದ ಕಬ್ಬಿಣದ ಜಾಕಿಗಳೇ ಹೊತ್ತಿದ್ದವು.

ಬೆಳಿಗ್ಗೆ ಎಂಜಿನಿಯರ್ ಕಡೆಯಿಂದ ಶಾಲೆಯ ವಿಚಾರವಾಗಿ ಮೆಸೇಜು ಬಂತು: "ಮುಂಭಾಗದ ಮೋಲ್ಡಿನ ಸೆಂಟ್ರಿಂಗ್ ಇವತ್ತು ಬಿಚ್ಚಬಹುದು." ಶಿವರಂಜಿನಿ ಅದನ್ನು ಕಾಪಿ ಮಾಡಿ, ಶಾಲೆಯ ವಾಟ್ಸಾಪ್ ಗ್ರೂಪಿನ ಮೇಲೆ ಬೆರಳಿಡಲು ಹೋದಳು. ಅದೇ ಗಳಿಗೆಗೆ ಗುಂಡ್ಲುಪೇಟೆ ಗ್ರೂಪಿನಲ್ಲಿ ಯಾರೋ ಶುಭೋದಯದ ಹೂವಿನ ಚಿತ್ರ ಹಾಕಿದರು. ಆ ಗ್ರೂಪು ಮೇಲಕ್ಕೆ ಜಿಗಿದು ಅವಳ ಬೆರಳಿನಡಿಗೆ ಬಂದು ನಿಂತಿತು. ಅವಳು ನೋಡಲಿಲ್ಲ. ಕಳಿಸಿದಳು, ಫೋನ್ ಪಕ್ಕಕ್ಕಿಟ್ಟು ಬೇರೆ ಕೆಲಸಕ್ಕೆ ತೊಡಗಿದಳು.

ಬಹಳ ಹೊತ್ತಿನ ಮೇಲೆ ಶಾಲೆಯ ಮೇಸ್ತ್ರಿ ಫೋನ್ ಮಾಡಿದ. "ಎಂಜಿನಿಯರು ಏನಂದ್ರು ಮೇಡಂ? ನಮ್ಗೇನೂ ಬಂದಿಲ್ವಲ್ಲ?"

ಶಿವರಂಜಿನಿ ಗ್ರೂಪು ತೆರೆದಳು. ಅಲ್ಲಿ ಏನೂ ಇರಲಿಲ್ಲ. ಗುಂಡ್ಲುಪೇಟೆಯ ಗ್ರೂಪು ತೆರೆದಳು. ಹೂವಿನ ಚಿತ್ರದ ಕೆಳಗೆ ಅವಳ ಮೆಸೇಜು, ಅದರ ಕೆಳಗೆ ಅಲ್ಲಿನ ಮೇಸ್ತ್ರಿ ಶಿವಮಲ್ಲು ಒತ್ತಿದ ಹೆಬ್ಬೆರಳಿನ ಗುರುತು. ಆಗಲಿ ಎಂದು ಅದರ ಅರ್ಥ.

ಅವಳು ಮೊದಲು ಮಾಡಿದ ಕೆಲಸವೆಂದರೆ ಮೆಸೇಜನ್ನು ಅಳಿಸಿಹಾಕಿದ್ದು. ಆಮೇಲೆ ಶಿವಮಲ್ಲುವಿಗೆ ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಕೆಲಸಕ್ಕಿಳಿದನೆಂದರೆ ಅವನು ಫೋನನ್ನು ಊಟದ ಚೀಲಕ್ಕೆ ಹಾಕಿ ಗೋಡೆಯ ಮೊಳೆಗೆ ತೂಗುಹಾಕುವವನು. ಮೈಸೂರಿಗೆ ಹೋಗಿದ್ದ ರಂಗರಾಜು ಕೂಡ ಎತ್ತಲಿಲ್ಲ. ಆಗ ಅವಳಿಗೆ ಚಿಕ್ಕವ್ವ ಮಂಗಮ್ಮನ ನೆನಪಾಯಿತು. ತಾಯಿಯ ತಂಗಿ ಮಂಗಮ್ಮನನ್ನು ಆ ಸೈಟಿಗೆ ಸೇರಿಸಿದ್ದು ಇವಳೇ. ಆಳು ಹೆಂಗಸರು ನೆರಳಿಗೆಂದು ಊಟಕ್ಕೆ ಕೂರುವುದು ಆ ಮೋಲ್ಡಿನ ಕೆಳಗೇ.

ಸಿಕ್ಕ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಫೋನ್ ಒತ್ತುತ್ತಲೇ ಇದ್ದಳು. ತೆರಕಣಾಂಬಿಯಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಆರಾಮಾಗಿ ಟೀ ಕುಡಿಯುತ್ತಿದ್ದ. ಅವಳಿಗೆ ಕಿರುಚಬೇಕೆನಿಸಿತು. ಒಂದು ಆಂಬುಲೆನ್ಸ್ ಸದ್ದು ಮಾಡುತ್ತ ಗುಂಡ್ಲುಪೇಟೆಯ ಕಡೆಗೇ ಓಡಿತು. ಅಲ್ಲಿಂದಾಚೆಗೆ ಅವಳು ಫೋನ್ ಮಾಡಲಿಲ್ಲ. ಯಾರಾದರೂ ಎತ್ತಿ ಏನು ಹೇಳಿಬಿಡುತ್ತಾರೋ ಎಂಬ ಭಯ.

ಸೈಟಿನ ಎದುರು ಆಟೋದಿಂದ ಇಳಿದಾಗ ಕಂಡದ್ದು ರಸ್ತೆ ಬದಿಯಲ್ಲಿ ಒಟ್ಟಿದ್ದ ಜಾಕಿಗಳು. ಅರ್ಧಕ್ಕರ್ಧ ಬಿಚ್ಚಿಯಾಗಿತ್ತು. ಶಿವಮಲ್ಲು ಇನ್ನೊಂದನ್ನು ಸುತ್ತಿಗೆಯಿಂದ ಬಡಿಯುತ್ತಿದ್ದ. ಕಾಂಕ್ರೀಟ್ ಕಲಸುವ ಮಿಷನ್ನಿನ ಗದ್ದಲದಲ್ಲಿ ಅವಳ ಕೂಗು ಕೇಳಲಿಲ್ಲ. ಮಂಗಮ್ಮ ಮೋಲ್ಡಿನ ಕೆಳಗೆ ಬಗ್ಗಿ ಹಲಗೆ ಎತ್ತುತ್ತಿದ್ದಳು. ಶಿವರಂಜಿನಿ ಒಳಗೇ ನುಗ್ಗಿ ಅವಳ ರಟ್ಟೆ ಹಿಡಿದೆಳೆದಳು.

"ಯಾಕಮ್ಮಿ, ಏನಾಯ್ತು? ಮನೇಲಿ ಯಾರ್ಗಾದ್ರೂ..."

"ಆಚೆಗ್ ಬಾ ಚಿಕ್ಕವ್ವ! ಶಿವಮಲ್ಲಣ್ಣ, ಹೊಡೀಬೇಡಿ! ಆ ಮೆಸೇಜು ಇಲ್ಲಿಗಲ್ಲ!"

ಶಿವಮಲ್ಲುವಿನ ಸುತ್ತಿಗೆ ನಿಂತಿತು. ಅವನು ತಲೆಯೆತ್ತಿ ನೋಡಿದ. ಗೋಡೆಗೂ ಮೋಲ್ಡಿಗೂ ಕೂಡುವಲ್ಲಿ ಕೂದಲೆಳೆಯಂಥ ಬಿರುಕು. ಅದರಿಂದ ಸಣ್ಣ ಪುಡಿ ಉದುರುತ್ತಿತ್ತು. "ಎಲ್ಲಾ ಆಚೆಗ್ ಓಗ್ರಲಾ!" ಎಂದು ಅಬ್ಬರಿಸಿದ.

ಎಲ್ಲರೂ ರಸ್ತೆಗೆ ಬಂದರು. ಆದರೆ ಪಕ್ಕದಲ್ಲೇ ಜನ ಓಡಾಡುವ ದಾರಿ, ಹಾಗೇ ಬಿಡುವಂತಿರಲಿಲ್ಲ. ಶಿವಮಲ್ಲು ಒಂದು ಜಾಕಿ ಹೊತ್ತು ಒಬ್ಬನೇ ಒಳಗೆ ಹೋದ. ಅದನ್ನು ನಿಲ್ಲಿಸಿ ಬಿಗಿದ. ಮತ್ತೊಂದು ಒಯ್ದ. ಮಿಷನ್ ನಿಲ್ಲಿಸಿದ್ದರಿಂದ ಕಾಂಕ್ರೀಟಿನೊಳಗಿನ ಲಟಲಟ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಮಂಗಮ್ಮನ ಕೈಯನ್ನು ಶಿವರಂಜಿನಿ ಬಿಟ್ಟಿರಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಹೊರಮೂಲೆ ದಡಾರನೆ ಮುರಿದು ಬಿತ್ತು.

ಧೂಳು ಇಳಿದಾಗ ಶಿವಮಲ್ಲು ಗೋಡೆಗೊರಗಿ ಕೂತಿದ್ದ. ಉಳಿದ ಮೋಲ್ಡ್ ಜಾಕಿಗಳ ಮೇಲೆ ನಿಂತಿತ್ತು. ಅವನ ಎಡಪಾದ ಮಾತ್ರ ಜಜ್ಜಿಹೋಗಿತ್ತು. ಆಸ್ಪತ್ರೆಯ ದಾರಿಯಲ್ಲಿ ಅವನು ಹಲ್ಲು ಕಚ್ಚಿಕೊಂಡೇ ಹೇಳಿದ: "ಒಂದೇ ವಾರಕ್ಕಾ ಅನ್ನುಸ್ತು ಕಣವ್ವ. ಕೇಳನ ಅಂದ್ಕಂಡೆ. ನಿಮ್ ಕಡೆಯಿಂದ ಬಂದದ್ದಲ್ವಾ, ಸರಿಯಾಗೇ ಇರ್ತದೆ ಅಂತ ಸುಮ್ಕಾಗ್ಬುಟ್ಟೆ."

ಸಂಜೆಗೆ ರಂಗರಾಜು ಆಸ್ಪತ್ರೆಗೆ ಬಂದರು. ಅವಳನ್ನು ವರಾಂಡಕ್ಕೆ ಕರೆದು ದನಿ ತಗ್ಗಿಸಿದರು. "ಮೆಸೇಜು ಅಳಿಸ್ಬುಟ್ಟಿದ್ದೀಯಲ್ಲ, ಒಳ್ಳೇದಾಯ್ತು. ಮೇಸ್ತ್ರಿ ತಾನಾಗೇ ಬಿಚ್ಚಿದ ಅಂತ ಹೇಳನ. ಪೊಲೀಸ್ನೋರು ಕೇಳುದ್ರೆ ನೀನೂ ಅಂಗೇ ಅನ್ನು. ಇಲ್ದಿದ್ರೆ ಮೊದ್ಲು ಸಿಕ್ಕಾಕೊಳ್ಳೋದು ನೀನೇ."

ಪೊಲೀಸ್ ಎಂದ ಕೂಡಲೇ ಅವಳಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಕೆಲಸ ಹೋಗುತ್ತದೆ, ಠಾಣೆಗೆ ಕರೆಯುತ್ತಾರೆ, ಊರಲ್ಲಿ ತಲೆಯೆತ್ತುವಂತಿಲ್ಲ. ಹೂಂ ಎಂದುಬಿಡಲು ತುಟಿ ಬಿಚ್ಚಿದಳು. ಒಳಗೆ ಶಿವಮಲ್ಲು ನರಳಿದ್ದು ಕೇಳಿಸಿತು.

"ನಾನೇ ಕಳ್ಸಿದ್ದು ಸಾರ್. ಯಾರೇ ಕೇಳುದ್ರೂ ಅದನ್ನೇ ಹೇಳ್ತೀನಿ," ಎಂದಳು.

ಪೊಲೀಸರು ಬಂದರು, ಕೇಳಿದರು, ಅವಳು ಅದನ್ನೇ ಹೇಳಿದಳು. ತಪ್ಪು ಶಿವಮಲ್ಲುವಿನದಲ್ಲ ಎಂದಾದ್ದರಿಂದ ಅವನ ಚಿಕಿತ್ಸೆಯ ಖರ್ಚನ್ನು ರಂಗರಾಜು ಅವರೇ ನೋಡಿಕೊಳ್ಳಬೇಕಾಯಿತು. ಅವರು ಅವಳೊಂದಿಗೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ, ಆದರೆ ಕೆಲಸದಿಂದ ತೆಗೆಯಲೂ ಇಲ್ಲ. ಶಿವಮಲ್ಲು ಕುಂಟುತ್ತಲೇ ಸೈಟಿಗೆ ಮರಳಿದ. ಮಂಗಮ್ಮ ಮರಳಲಿಲ್ಲ, ಅರಿಶಿನದ ಹೊಲಕ್ಕೆ ಕೂಲಿಗೆ ಹೋದಳು.

ಈಗ ಶಿವರಂಜಿನಿ ಬರೀ ಮೆಸೇಜು ಕಳಿಸಿ ಸುಮ್ಮನಾಗುವುದಿಲ್ಲ. ಫೋನ್ ಮಾಡಿ ಸೈಟಿನ ಹೆಸರು ಹೇಳುತ್ತಾಳೆ, ತಾನು ಹೇಳಿದ್ದನ್ನು ಮೇಸ್ತ್ರಿಯ ಬಾಯಿಂದ ಮತ್ತೆ ಹೇಳಿಸುತ್ತಾಳೆ. ಅಷ್ಟು ಮಾಡಿದರೂ ಭಯ ಬಿಟ್ಟಿಲ್ಲ. ಆಚೆ ಕಡೆ ಫೋನ್ ಎತ್ತುವುದು ತಡವಾದರೆ, ಅವಳು ಕುರ್ಚಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡೇ ನಿಂತಿರುತ್ತಾಳೆ.